ಹಸಿವಿಲ್ಲದವಳ ಉಪವಾಸ

ಅನಂತಮತಿಯಕ್ಕನ ಬಗ್ಗೆ ಬರೆಯುತ್ತೇನೆ ಎಂದಾಗ ಅವರು ಹಾಕಿದ್ದು ಒಂದೇ ಷರತ್ತು.

"ಹೆಸರು ಹಾಕಿಯೇ ಬರಿ ಫಾಹಿಮಾ. 'ಒಬ್ಬ ಮಹಿಳೆ' ಅಂತೆಲ್ಲ ಬರೀಬೇಡ. ನಾನೇನು ಕದ್ದವಳಾ?"

ನಾನು ಸಿದ್ಧಕಟ್ಟೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್. ಹದಿನಾರು ವರ್ಷಗಳಿಂದ ಈ ಸುತ್ತಿನ ಜನರಿಗೆ ಸೂಜಿ ಚುಚ್ಚುತ್ತ ಬಂದವಳು. ಯಾರ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂಬುದು ನನ್ನ ಹೊಟ್ಟೆಯೊಳಗೇ ಇರುತ್ತದೆ, ನನ್ನ ಗಂಡ ಅಶ್ರಫ್ ಕೇಳಿದರೂ ಹೇಳುವುದಿಲ್ಲ. ಇದಕ್ಕೆ ಮಾತ್ರ ಸ್ವತಃ ರೋಗಿಯ ಅಪ್ಪಣೆ ಇದೆ. ಅಪ್ಪಣೆ ಏನು ಬಂತು, ಜಬರದಸ್ತಿ ಎಂದರೂ ಸರಿಯೇ.

ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಬಸದಿ ಇದೆ. ಅದರ ಪಕ್ಕದ ಮನೆ ಅನಂತಮತಿಯಕ್ಕನದ್ದು. ಗಂಡ ಸಂಪತ್‌ಕುಮಾರ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ, ಬಸದಿಯ ಆಡಳಿತವನ್ನೂ ನೋಡಿಕೊಳ್ಳುತ್ತಾರೆ. ಅಕ್ಕನಿಗೆ ಐವತ್ಮೂರು ವರ್ಷ. ನಮ್ಮ ಕ್ಲಿನಿಕ್ಕಿಗೆ ಮೊದಲ ಸಲ ಬಂದಾಗ ತೂಕ ತೊಂಬತ್ತಾರು ಕಿಲೋ. ತೂಕದ ಯಂತ್ರದ ಮೇಲೆ ನಿಂತು, "ಮುಳ್ಳು ಮುರಿದರೆ ನಾನು ಜವಾಬ್ದಾರಳಲ್ಲ" ಎಂದು ತಾನೇ ಮೊದಲು ನಕ್ಕರು. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಅವರು ಚಿಕ್ಕಂದಿನಲ್ಲೇ ಕಲಿತ ವಿದ್ಯೆ. ಶಾಲೆಯಲ್ಲಿ ಅವರಿಗೆ 'ಕಣಜ' ಎಂದು ಅಡ್ಡಹೆಸರು ಇತ್ತಂತೆ. ಮದುವೆಯಾಗಿ ಬಂದ ಮೇಲೆ ಹೆಸರು ಹೋಯಿತು, ಮಾತು ಹೋಗಲಿಲ್ಲ.

ಜೈನರಲ್ಲಿ ಉಪವಾಸಕ್ಕೆ ಎಷ್ಟು ಮರ್ಯಾದೆ ಎಂದು ನಾನು ಹೇಳಬೇಕಾಗಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಊಟ ಬಿಟ್ಟು, ದಿನಕ್ಕೊಂದು ಸಲ ಕುದಿಸಿ ಆರಿಸಿದ ನೀರು ಮಾತ್ರ ಕುಡಿದು ಇರುವವರಿದ್ದಾರೆ. ಕೊನೆಗೆ ಪಾರಣೆಯ ದಿನ, ಅಂದರೆ ಉಪವಾಸ ಬಿಡುವ ಬೆಳಿಗ್ಗೆ, ಅವರಿಗೆ ಶಾಲು ಹೊದಿಸಿ ಗೌರವಿಸುತ್ತಾರೆ. ಸಂಪತ್‌ಕುಮಾರರ ಅಕ್ಕ ಮರುದೇವಿಯಮ್ಮ ಅಂಥವರಲ್ಲಿ ಮೊದಲಿಗರು. ವಯಸ್ಸು ಅರವತ್ತೆಂಟು, ಒಣಗಿದ ಕಡ್ಡಿಯಂಥ ಮೈ, ಪ್ರತಿ ವರ್ಷವೂ ಹತ್ತು ದಿನದ ಉಪವಾಸ. ಅವರ ಪಕ್ಕದಲ್ಲಿ ನಮ್ಮ ಅನಂತಮತಿಯಕ್ಕ ಅರ್ಧ ದಿನ ಉಪವಾಸ ಇದ್ದರೆ ತಲೆಸುತ್ತಿ ಕೂರುವವರು. "ಅವಳಿಂದ ಅದೆಲ್ಲ ಆಗ್ಲಿಕ್ಕಿಲ್ಲ ಬಿಡಿ" ಎಂಬ ಮಾತನ್ನು ಮೂವತ್ತು ವರ್ಷ ಪ್ರತಿ ಭಾದ್ರಪದದಲ್ಲೂ ಕೇಳಿದ್ದಾರೆ. ಆದರೆ ಆ ಮೂವತ್ತು ವರ್ಷವೂ ಪಾರಣೆಯ ಅಡುಗೆ ಮಾಡಿದ್ದು ಅವರೇ. ಬೆಳಗಿನ ಜಾವ ಎದ್ದು ಒಲೆ ಹೊತ್ತಿಸಿ, ಹತ್ತು ದಿನ ಖಾಲಿಯಿದ್ದ ಹೊಟ್ಟೆಗೆ ಮೊದಲು ಏನು, ಅರ್ಧ ಗಂಟೆ ಬಿಟ್ಟು ಏನು, ಯಾವುದು ಎಷ್ಟು ತೆಳ್ಳಗಿರಬೇಕು ಎಂದು ಅವರಷ್ಟು ಚೆನ್ನಾಗಿ ತಿಳಿದವರು ಆ ಬಸದಿಯ ಸುತ್ತ ಯಾರೂ ಇಲ್ಲ. ಅದಕ್ಕೆ ಯಾರೂ ಶಾಲು ಹೊದಿಸಲಿಲ್ಲ.

ಮೊಣಕಾಲು ಸವೆದಿತ್ತು. ಮಂಗಳೂರಿನ ಎಲುಬಿನ ಡಾಕ್ಟರು, "ಹದಿನೈದು ಕಿಲೋ ಇಳಿಸಿ ಬನ್ನಿ, ಆಮೇಲೆ ಆಪರೇಷನ್ ಮಾತು" ಎಂದು ಕಳಿಸಿದ್ದರು. ಜೊತೆಗೆ ಎಂಟು ವರ್ಷದ ಸಕ್ಕರೆ ಕಾಯಿಲೆ. ನಡೆದು ನೋಡಿದರು, ಸಿರಿಧಾನ್ಯ ತಿಂದು ನೋಡಿದರು, ಯಾರೋ ಮಾರಿದ ಪುಡಿ ಕುಡಿದು ನೋಡಿದರು. ಕೊನೆಗೆ ನಮ್ಮ ಡಾಕ್ಟರ್ ಹನಾ ವಾರಕ್ಕೊಂದು ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದರು. ಹಸಿವನ್ನು ಕುಗ್ಗಿಸಿ, ಹೊಟ್ಟೆ ಬೇಗ ಖಾಲಿಯಾಗದಂತೆ ಮಾಡುವ ಮದ್ದು ಅದು. ಅಕ್ಕ ಕೇಳಿದ ಮೊದಲ ಪ್ರಶ್ನೆ ನೋವಿನದ್ದಲ್ಲ.

"ಇದರಲ್ಲಿ ಪ್ರಾಣಿಯದ್ದು ಏನಾದ್ರೂ ಉಂಟಾ ಡಾಕ್ಟ್ರೇ?"

ಡಾಕ್ಟರ್ ಹನಾ ಚಿಕ್ಕ ವಯಸ್ಸಿನವರು, ಆದರೆ ಯಾರ ಪ್ರಶ್ನೆಯನ್ನೂ ಹಗುರವಾಗಿ ತೆಗೆದುಕೊಳ್ಳುವವರಲ್ಲ. ಎರಡು ದಿನ ಹುಡುಕಿ ಓದಿ, ಫೋನ್ ಮಾಡಿ, "ಇಲ್ಲ, ಧೈರ್ಯವಾಗಿ ತಗೊಳ್ಳಿ" ಎಂದರು.

ಮೊದಲ ವಾರ ವಾಕರಿಕೆ ಶುರುವಾಯಿತು. ಒಗ್ಗರಣೆಯ ವಾಸನೆ ಬಂದರೆ ಅಡುಗೆಮನೆಯಿಂದ ಹೊರಗೆ ಓಡಬೇಕು. ಸಂಜೆ ವಾಂತಿ. ಸೂರ್ಯ ಮುಳುಗಿದ ಮೇಲೆ ಅವರು ನೀರನ್ನೂ ಮುಟ್ಟುವುದಿಲ್ಲ, ಹಾಗಾಗಿ ವಾಂತಿಯಲ್ಲಿ ಹೋದ ನೀರು ಬೆಳಗಿನವರೆಗೆ ವಾಪಸ್ ಬರುವುದಿಲ್ಲ. ಬೆಳಿಗ್ಗೆ ನಾಲಿಗೆ ಮರದ ತುಂಡಿನ ಹಾಗೆ ಒಣಗಿರುತ್ತಿತ್ತು. ನಾನು ಹೋಗಿ ಕೂತು ಹೇಳಿದೆ: ರಾತ್ರಿ ಕುಡಿಯುವುದಿಲ್ಲ ಎಂದಾದರೆ ಹಗಲಿನಲ್ಲೇ ಅಷ್ಟೂ ನೀರು ಮುಗಿಸಿ ಆಮೇಲೆ ಸೂರ್ಯನನ್ನು ಬಿಡಿ. ಅವರು ಅಡುಗೆಮನೆಯ ಕಟ್ಟೆಯ ಮೇಲೆ ಹತ್ತು ಲೋಟ ಕವುಚಿ ಇಟ್ಟರು. ಒಂದು ಲೋಟ ನೀರು ಗುಟುಕು ಗುಟುಕಾಗಿ ಮುಗಿದರೆ ಒಂದನ್ನು ನೆಟ್ಟಗೆ ಮಾಡುವುದು. ಸಂಜೆ ಐದಕ್ಕೆ ಹತ್ತೂ ನೆಟ್ಟಗೆ ನಿಂತಿರಬೇಕು.

ಡಾಕ್ಟರು, "ವಾಕರಿಕೆಗೆ ಒಂದು ಚೂರು ಹಸಿಶುಂಠಿ ಬಾಯಲ್ಲಿಟ್ಟುಕೊಳ್ಳಿ" ಎಂದರು.

"ಹಸಿಶುಂಠಿ ನಮಗೆ ಆಗುವುದಿಲ್ಲ, ನೆಲದೊಳಗಿನದ್ದು. ಒಣಶುಂಠಿ ಆದೀತಾ?"

"ಆದೀತು."

"ಮತ್ತೆ ಸ್ವಲ್ಪ ಸ್ವಲ್ಪ ತಿನ್ನಬೇಕು, ತೆಳ್ಳಗಿನದ್ದು ಮೊದಲು, ಎಣ್ಣೆ ಇಲ್ಲ, ತಿಂದ ಕೂಡಲೆ ಮಲಗಬಾರದು, ಸಾಕು ಅನ್ನಿಸಿದಲ್ಲಿಗೆ ಕೈ ತೊಳೀಬೇಕು. ಅಷ್ಟೇ ಅಲ್ವಾ?"

ಡಾಕ್ಟರ್ ಹನಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಪಾರಣೆಗೆ ನಾನು ಮೂವತ್ತು ವರ್ಷದಿಂದ ಬಡಿಸುವುದು ಹಾಗೆಯೇ."

ನಿಜ ಹೇಳುತ್ತೇನೆ, ಅಡ್ಡ ಪರಿಣಾಮಗಳನ್ನು ಅವರಷ್ಟು ಚೆನ್ನಾಗಿ ನಿಭಾಯಿಸಿದ ರೋಗಿಯನ್ನು ನಾನು ನೋಡಿಲ್ಲ. ಬೆಳ್ತಿಗೆ ಅಕ್ಕಿಯ ಗಂಜಿ, ಹೆಸರುಬೇಳೆಯ ತಿಳಿ, ಮಜ್ಜಿಗೆಗೆ ಒಣಶುಂಠಿ ಪುಡಿ. ಮೈಯ ಮಾಂಸಖಂಡ ಕರಗಬಾರದೆಂದು ನೆನೆಸಿದ ಹೆಸರುಕಾಳು, ಒಂದು ಹಿಡಿಯನ್ನು ನಾಲ್ಕು ಸಲ ಮಾಡಿ. ಮಲಬದ್ಧತೆಗೆ ಬೆಳಿಗ್ಗೆ ಬಿಸಿನೀರು ಮತ್ತು ಬಸದಿಗೆ ಏಳು ಸುತ್ತು. ಎರಡು ತಿಂಗಳಲ್ಲಿ ಏಳು ಕಿಲೋ ಇಳಿಯಿತು. ಸಕ್ಕರೆಯೂ ಇಳಿಯಿತು.

ಆದರೆ ಇಂಜೆಕ್ಷನಿನ ಸುದ್ದಿ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪೆನ್ನಿನಂಥ ಆ ಸೂಜಿಯನ್ನು ಫ್ರಿಜ್ಜಿನಲ್ಲಿ ತುಪ್ಪದ ಖಾಲಿ ಡಬ್ಬಿಯೊಳಗೆ ಅಡಗಿಸಿ ಇಟ್ಟಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಬಾಯಿ ಕಟ್ಟಲಿಕ್ಕೆ ಆಗದೆ ಸೂಜಿ ಚುಚ್ಚಿಸಿಕೊಂಡಳು ಅಂತಾರೆ ಮಾರಾಯ್ತಿ. ಅತ್ತಿಗೆಯ ಬಾಯಿ ನಿನಗೆ ಗೊತ್ತಿಲ್ಲ" ಎಂದರು. ಅತ್ತಿಗೆ ಎಂದರೆ ಮರುದೇವಿಯಮ್ಮ.

ಪರ್ವಕ್ಕೆ ನಾಲ್ಕು ದಿನ ಮೊದಲು ಡೋಸ್ ಏರಿಸುವ ವಾರ ಬಂತು. ಏರಿಸಿದ ವಾರ ವಾಕರಿಕೆ ಜೋರಾಗಿರುತ್ತದೆ, ಅದು ಗೊತ್ತಿದ್ದದ್ದೇ. ಸಕ್ಕರೆಯ ಹಳೆಯ ಮಾತ್ರೆ ಮುಂದುವರಿಯಲಿ, ಆದರೆ ಊಟ ಬಿಡಬೇಡಿ, ಬಿಟ್ಟರೆ ಮಾತ್ರೆಯನ್ನೂ ಬಿಟ್ಟು ಫೋನ್ ಮಾಡಿ ಎಂದು ಡಾಕ್ಟರು ಎರಡು ಸಲ ಹೇಳಿದರು. ನಾನು ಮೂರನೆಯ ಸಲ ಹೇಳಿದೆ. ಅಕ್ಕ ತಲೆಯಾಡಿಸಿದರು.

ಪರ್ವದ ಮೊದಲ ದಿನ ಬಸದಿಯ ಪಕ್ಕದ ಸಭಾಭವನದಲ್ಲಿ ಎಲ್ಲರಿಗೂ ಊಟ. ಸಾಂಬಾರಿನ ಬಿಸಿ ಹಬೆ ಮೂಗಿಗೆ ಬಂದದ್ದೇ ಅನಂತಮತಿಯಕ್ಕನ ಹೊಟ್ಟೆ ತಿರುಗಿತು. ಎಲೆಯ ಮುಂದಿನಿಂದ ಎದ್ದರು. ಎದುರಿನಲ್ಲೇ ಮರುದೇವಿಯಮ್ಮ ನಿಂತಿದ್ದರು.

"ಏನು, ಈ ಸಲ ನೀನೂ ಉಪವಾಸ ಹಿಡಿದೆಯಾ?"

ಸುತ್ತ ಇದ್ದ ಹೆಂಗಸರು ನಕ್ಕರು. ಆ ನಗುವಿನಲ್ಲಿ ವಿಷವೇನೂ ಇರಲಿಲ್ಲ ಎಂದು ಅಕ್ಕ ಇವತ್ತಿಗೂ ಹೇಳುತ್ತಾರೆ. ಅವರ ಒಳ್ಳೆಯತನ ಅವರಿಗೇ ಇರಲಿ. ಮೂವತ್ತು ವರ್ಷ ನಕ್ಕ ನಗುವಿಗೆ ವಿಷ ಬೇರೆ ಯಾಕೆ ಬೇಕು? ಆ ನಗು ಕೇಳಿ ಅವರ ಕುತ್ತಿಗೆ ನೆಟ್ಟಗಾಯಿತಂತೆ.

"ಹೌದು ಅತ್ತಿಗೆ" ಎಂದುಬಿಟ್ಟರು.

ಮೂರು ದಿನದಲ್ಲಿ ಊರಿಗೆಲ್ಲ ಸುದ್ದಿಯಾಯಿತು. ಅನಂತಮತಿಗೂ ಹತ್ತು ದಿನದ ಉಪವಾಸವಂತೆ! ಬಸದಿಯ ಕಾರ್ಯಕ್ರಮಗಳನ್ನು ನಡೆಸಿಕೊಡುವ ಜಿನೇಶ್ ಎಂಬವನು ಸಂಜೆ ಮೈಕಿನಲ್ಲಿ ಉಪವಾಸಿಗಳ ಹೆಸರು ಓದುವಾಗ ಅವರ ಹೆಸರನ್ನೂ ಸೇರಿಸಿದ. ಬೆಳ್ತಂಗಡಿಯ ನೆಂಟರು ಫೋನ್ ಮಾಡಿ ಶಹಬ್ಬಾಸ್ ಹೇಳಿದರು. ಒಬ್ಬಳು ಹೊಸ ಮದುಮಗಳು ಬಂದು ಕಾಲು ಮುಟ್ಟಿದಳು. ಮರುದೇವಿಯಮ್ಮ ತನ್ನ ಪಕ್ಕದಲ್ಲಿ ಚಾಪೆ ಹಾಸಿ, "ಇಲ್ಲಿ ಕೂತ್ಕೊ" ಎಂದರು. ಮದುವೆಯಾಗಿ ಬಂದ ಮೇಲೆ ಅತ್ತಿಗೆ ಪಕ್ಕದಲ್ಲಿ ಕರೆದು ಕೂರಿಸಿದ್ದು ಅದೇ ಮೊದಲು.

ಮೊದಲ ಮೂರು ದಿನ ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು ಎರಡು ಗಂಟೆಗೊಮ್ಮೆ ನಾಲ್ಕು ಚಮಚ ಗಂಜಿ ಕುಡಿಯುತ್ತಿದ್ದರು. ಡಾಕ್ಟರು ಹೇಳಿದ ಹಾಗೆಯೇ. ಆ ಮದುಮಗಳು ಕಾಲು ಮುಟ್ಟಿ ಹೋದ ಮೇಲೆ ಗಂಜಿ ಗಂಟಲಿನಲ್ಲಿ ಇಳಿಯಲಿಲ್ಲ. ಇಷ್ಟು ಜನ ನಂಬಿದ್ದಾರೆ, ಸುಳ್ಳು ಹೇಳಿದ್ದಾಗಿದೆ, ಇನ್ನು ಅದನ್ನು ನಿಜ ಮಾಡಿಬಿಡುವ ಎಂದು ಯೋಚಿಸಿದರಂತೆ. ನಾಲ್ಕನೆಯ ದಿನದಿಂದ ಗಂಜಿ ಬಿಟ್ಟರು. ಲೋಟಗಳು ಕಟ್ಟೆಯ ಮೇಲೆ ಕವುಚಿಯೇ ಉಳಿದವು. ಮಾತ್ರೆ ಮಾತ್ರ ನುಂಗುತ್ತಿದ್ದರು, ಯಾಕೆಂದರೆ ಮದ್ದು ಬಿಡಬಾರದು ಎಂಬುದು ತಲೆಯಲ್ಲಿ ಕೂತಿತ್ತು. ಮಾತ್ರೆ ಊಟವಲ್ಲವಲ್ಲ, ಹಾಗಾಗಿ ಉಪವಾಸಕ್ಕೂ ಭಂಗವಿಲ್ಲ ಎಂದು ಅವರ ತರ್ಕ. ನಾನು ಐದನೆಯ ದಿನ ಫೋನ್ ಮಾಡಿದಾಗ, "ಚೆನ್ನಾಗಿದ್ದೇನೆ, ತಿಂತಾ ಇದ್ದೇನೆ" ಎಂದರು. ನಂಬಿದೆ. ಆ ತಪ್ಪು ನನ್ನದು.

ಏಳನೆಯ ದಿನ, ದಿನಕ್ಕೊಂದು ಧರ್ಮ ಎಂಬ ಅವರ ಲೆಕ್ಕದಲ್ಲಿ 'ಉತ್ತಮ ತಪ'ದ ದಿನ, ಮಧ್ಯಾಹ್ನ ಸಂಪತ್‌ಕುಮಾರರ ಫೋನ್ ಬಂತು. "ಇವಳು ಬೆವರ್ತಾ ಇದ್ದಾಳೆ, ಮಾತು ತೊದಲ್ತದೆ, ಒಮ್ಮೆ ಬೇಗ ಬಾ ಫಾಹಿಮಾ." ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಚಾವಡಿಯಲ್ಲಿ ಹತ್ತು ಹೆಂಗಸರು, ನಡುವೆ ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಸಕ್ಕರೆ ನೋಡಿದೆ, ಐವತ್ತನಾಲ್ಕು. ಬಿಪಿ ತೊಂಬತ್ತರ ಕೆಳಗೆ. ಗ್ಲೂಕೋಸ್ ಕಲಸಿ ಲೋಟವನ್ನು ತುಟಿಗೆ ಹಿಡಿದರೆ ಹಲ್ಲು ಕಚ್ಚಿ ಮುಖ ತಿರುಗಿಸಿದರು.

"ಬಾಯಿಗೆ ಬೇಡ."

"ಸಾಯ್ತೀರಿ ಅಕ್ಕ!"

"ಬಾಯಿಗೆ ಬೇಡ."

ಡಾಕ್ಟರ್ ಹನಾಗೆ ಫೋನ್ ಮಾಡಿ, ಅವರು ಹೇಳಿದಂತೆ ರಕ್ತನಾಳಕ್ಕೇ ಗ್ಲೂಕೋಸ್ ಕೊಟ್ಟೆ, ಡ್ರಿಪ್ ಹಾಕಿದೆ. ಕಾಲು ಗಂಟೆಯಲ್ಲಿ ಕಣ್ಣಿಗೆ ಬೆಳಕು ಬಂತು. ಆಗ ಮರುದೇವಿಯಮ್ಮ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು.

"ಬಾಯಿಯಿಂದ ಹೋಗದ್ದು ಆಹಾರ ಅಲ್ಲ. ಉಪವಾಸ ಮುರೀಲಿಲ್ಲ."

ಹೆಂಗಸರೆಲ್ಲ ನಿಟ್ಟುಸಿರು ಬಿಟ್ಟರು. ನಮ್ಮಲ್ಲಿಯೂ ರಂಝಾನ್ ಬಂದರೆ ಇದೇ ಚರ್ಚೆ. ಡ್ರಿಪ್ ಹಾಕಿದರೆ ನೋಂಬು ಮುರಿಯುತ್ತದಾ, ಕಿವಿಗೆ ಮದ್ದು ಹಾಕಿದರೆ ಮುರಿಯುತ್ತದಾ ಎಂದು ರೋಗಿಗಳು ನನ್ನನ್ನೇ ಕೇಳುತ್ತಾರೆ. ಹುಷಾರಿಲ್ಲದವರಿಗೆ ಬಿಡಲಿಕ್ಕೆ ಅವಕಾಶ ಉಂಟು, ಆಮೇಲೆ ಹಿಡಿಯಿರಿ ಎಂದರೆ ಮುಖ ಸಣ್ಣದು ಮಾಡುತ್ತಾರೆ. ಆ ಚಾವಡಿಯಲ್ಲಿ ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಒಂದು ಹೆಂಗಸಿನ ಜೀವ ಹೋಗುವುದರಲ್ಲಿತ್ತು, ಇವರು ಉಪವಾಸ ಉಳಿಯಿತೆಂದು ಸಂತೋಷಪಡುತ್ತಿದ್ದರು.

ಮರುದಿನ ಕ್ಲಿನಿಕ್ಕಿಗೆ ಕರೆಸಿ ರಕ್ತಪರೀಕ್ಷೆ ಮಾಡಿಸಿದೆವು. ನೀರು ಸಾಲದೆ ಕಿಡ್ನಿಯ ಕ್ರಿಯಾಟಿನಿನ್ ಅಂಶ ಏರಿತ್ತು. ಡಾಕ್ಟರ್ ಹನಾ ಸಕ್ಕರೆಯ ಮಾತ್ರೆ ನಿಲ್ಲಿಸಿದರು, ಆ ವಾರದ ಇಂಜೆಕ್ಷನ್ ಬೇಡ ಎಂದರು. ಆಮೇಲೆ ಮೆಲ್ಲಗೆ ಹೇಳಿದರು.

"ಇವತ್ತಿನಿಂದ ತಿನ್ನಬೇಕು, ಕುಡೀಬೇಕು. ಇಲ್ಲದಿದ್ರೆ ಈ ಇಂಜೆಕ್ಷನ್ ನಾನು ಮುಂದುವರಿಸುವುದಿಲ್ಲ. ಮೊಣಕಾಲಿನ ಆಪರೇಷನ್ನೂ ಇಲ್ಲ."

"ಇನ್ನು ಮೂರೇ ದಿನ ಉಂಟು ಡಾಕ್ಟ್ರೇ. ಮುಗಿಸಿಬಿಡ್ತೇನೆ."

"ಮೂರು ಗಂಟೆಯೂ ಇಲ್ಲ."

ಹೊರಗೆ ಡ್ರೆಸ್ಸಿಂಗ್ ಕೋಣೆಯಲ್ಲಿ ಅವರ ಕೈಯ ಪ್ಲಾಸ್ಟರ್ ಬಿಚ್ಚುವಾಗ ನನಗೆ ತಡೆಯಲಿಲ್ಲ.

"ಅಕ್ಕ, ಒಂದು ಮಾತು ಕೇಳ್ತೇನೆ. ಈ ಎಂಟು ದಿನದಲ್ಲಿ ನಿಮಗೆ ಹಸಿವಾಗಿದೆಯಾ?"

"ಇಲ್ಲ."

"ಒಂದು ಚೂರೂ?"

"ಇಲ್ಲ ಮಾರಾಯ್ತಿ. ಅದೇ ಅಲ್ವಾ ಮಜಾ."

"ಮತ್ತೆ ಅದು ಉಪವಾಸ ಹೇಗಾಯ್ತು? ನಾನು ನೋಂಬು ಹಿಡಿದಾಗ ಮಧ್ಯಾಹ್ನ ಮೂರು ಗಂಟೆಗೆ ಇಲ್ಲಿ ಯಾರಾದ್ರೂ ಬುತ್ತಿ ಬಿಚ್ಚಿದ್ರೆ ಕಣ್ಣಲ್ಲಿ ನೀರು ಬರ್ತದೆ. ಆ ಹಸಿವನ್ನು ಇಟ್ಟುಕೊಂಡು ಕೂರುವುದಕ್ಕೆ ನೋಂಬು ಅಂತ ಹೆಸರು. ನಿಮ್ಮ ಹಸಿವನ್ನು ಕಟ್ಟಿಟ್ಟದ್ದು ಸೂಜಿ. ನೀವೇನು ಗೆದ್ದದ್ದು?"

ಅಕ್ಕನ ಮುಖ ಕೆಂಪಾಯಿತು. "ನಿನಗೇನು ಗೊತ್ತು? ಮೂವತ್ತು ವರ್ಷ ನಾನು ಕೇಳಿದ್ದು ನೀನು ಕೇಳಿದ್ದೀಯಾ? ಎಂಟೇ ಎಂಟು ದಿನ ನನಗೆ ಮರ್ಯಾದೆ ಸಿಕ್ಕಿದ್ದು. ಅದನ್ನೂ ಕಿತ್ಕೊಳ್ತೀಯಾ?" ಎಂದು ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಚಪ್ಪಲಿ ತಿರುಗುಮುರುಗಾಗಿ ಹಾಕಿಕೊಂಡದ್ದು ನೋಡಿದೆ, ಕರೆದು ಹೇಳಲು ಧೈರ್ಯ ಬರಲಿಲ್ಲ. ಅಷ್ಟು ಕಠಿಣವಾಗಿ ಹೇಳಬಾರದಿತ್ತು ಎಂದು ಆ ದಿನವಿಡೀ ಕೊರಗಿದೆ. ಹೇಳದೆ ಇದ್ದಿದ್ದರೂ ತಪ್ಪಾಗುತ್ತಿತ್ತು ಎಂದೂ ಅನ್ನಿಸಿತು.

ಹತ್ತನೆಯ ದಿನ ಅವರಿಂದ ಮೆಸೇಜ್ ಬಂತು. "ನಾಳೆ ಬೆಳಿಗ್ಗೆ ಪಾರಣೆಗೆ ಬಾ. ಬಿಪಿ ಮಿಷನ್ ತಾ." ಅಷ್ಟೇ.

ಹೋದೆ. ಸಭಾಭವನ ತುಂಬಿತ್ತು. ವೇದಿಕೆಯ ಕೆಳಗೆ ಕುರ್ಚಿಗಳಲ್ಲಿ ಹನ್ನೊಂದು ಮಂದಿ ಉಪವಾಸಿಗಳು, ಮೊದಲ ಕುರ್ಚಿಯಲ್ಲಿ ಮರುದೇವಿಯಮ್ಮ, ಎರಡನೆಯದರಲ್ಲಿ ಅನಂತಮತಿಯಕ್ಕ. ಬಿಪಿ ನೋಡಿದೆ, ಚೆನ್ನಾಗಿತ್ತು. ನನಗೆ ಆಶ್ಚರ್ಯವಾಯಿತು.

"ತಿಂದಿದ್ದೀರಾ?" ಎಂದು ಪಿಸುಗುಟ್ಟಿದೆ.

"ಮೊನ್ನೆಯಿಂದ. ಬಾಗಿಲು ತೆರೆದಿಟ್ಟೇ ತಿಂದದ್ದು. ಒಬ್ಬರೂ ಬಂದು ನೋಡ್ಲಿಲ್ಲ."

ಹಿಂದಿನ ಅಡುಗೆ ಕೋಣೆಯಲ್ಲಿ ಆ ಸಲ ಎಳೆಯ ಹೆಂಗಸರು ಗಂಜಿ ಬೇಯಿಸುತ್ತಿದ್ದರು. "ನೀವು ಈ ಸಲ ಕೂತುಕೊಳ್ಳುವವರು" ಎಂದು ಅಕ್ಕನನ್ನು ಒಳಗೆ ಬಿಟ್ಟಿರಲಿಲ್ಲ. ಅವರು ಎರಡು ಸಲ ಆ ಕಡೆಗೆ ಮೂಗು ಎತ್ತಿ ನೋಡಿದ್ದನ್ನು ಗಮನಿಸಿದೆ.

ಜಿನೇಶ್ ಮೈಕ್ ಹಿಡಿದ. ಮರುದೇವಿಯಮ್ಮನಿಗೆ ಶಾಲು ಹೊದಿಸಿದ್ದಾಯಿತು. ಆಮೇಲೆ ಅವನು ಸ್ವರ ಏರಿಸಿ ಓದಿದ: "ಭಾರವಾದ ಶರೀರವನ್ನೂ, ಅದರ ಆಸೆಗಳನ್ನೂ ಸಂಯಮದಿಂದ ಜಯಿಸಬಹುದೆಂಬುದನ್ನು ಈ ವರ್ಷ ನಮಗೆ ತೋರಿಸಿಕೊಟ್ಟವರು ಶ್ರೀಮತಿ ಅನಂತಮತಿಯವರು..." ಚಪ್ಪಾಳೆ ಬಿತ್ತು. ಶಾಲು ಹೆಗಲಿಗೆ ಬಂತು. ಮರುದೇವಿಯಮ್ಮ ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು. "ಅಂತೂ ಆ ಮೈಯ ಕರ್ಮ ಕರಗಿತು."

ಅನಂತಮತಿಯಕ್ಕನಿಗೂ ಕೇಳಿಸಿತು. ಶಾಲನ್ನು ತೆಗೆದು ಮಡಚಿದರು, ನಿಧಾನವಾಗಿ, ಅಂಚಿಗೆ ಅಂಚು ಸೇರಿಸಿ. ಜಿನೇಶನ ಕೈಯಿಂದ ಮೈಕ್ ತೆಗೆದುಕೊಂಡರು. ಅವನು ಎರಡು ಮಾತು ಧನ್ಯವಾದ ಹೇಳುತ್ತಾರೆಂದುಕೊಂಡು ಸಂತೋಷದಿಂದಲೇ ಕೊಟ್ಟ.

"ನಾನು ಉಪವಾಸ ಮಾಡ್ಲಿಲ್ಲ" ಎಂದರು.

ಜಿನೇಶ್ ಮೈಕಿಗೆ ಕೈ ಚಾಚಿದ, ಅಕ್ಕ ಬಿಡಲಿಲ್ಲ.

"ಮೂರು ತಿಂಗಳಿಂದ ನಾನು ತೂಕ ಇಳಿಸುವ ಇಂಜೆಕ್ಷನ್ ತಗೊಳ್ತಾ ಇದ್ದೇನೆ. ಅದು ತಗೊಂಡ್ರೆ ಹಸಿವಾಗುವುದಿಲ್ಲ. ವಾಂತಿ ಬರ್ತದೆ. ಮೊದಲನೇ ದಿನ ಎಲೆಯ ಮುಂದಿಂದ ಎದ್ದದ್ದು ವಾಂತಿ ಬಂತು ಅಂತ. ಅತ್ತಿಗೆ ಕೇಳಿದಾಗ ಹೌದು ಅಂತ ಸುಳ್ಳು ಹೇಳಿದೆ. ಆ ಸುಳ್ಳನ್ನು ನಿಜ ಮಾಡ್ಲಿಕ್ಕೆ ಹೋಗಿ ಸಾಯುವುದರಲ್ಲಿದ್ದೆ. ಈ ಫಾಹಿಮಾ ಬದುಕಿಸಿದ್ದು."

ಯಾರೋ, "ಕೂರಿಸಿ ಅವರನ್ನು" ಎಂದರು. ಒಬ್ಬ ಹಿರಿಯರು ಸಂಪತ್‌ಕುಮಾರರ ಕಡೆ ತಿರುಗಿ ಕಣ್ಣು ಮಾಡಿದರು. ಸಂಪತ್‌ಕುಮಾರ ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ.

"ಅವಳ ಮಾತು ಮುಗೀಲಿ" ಎಂದರು, ಗಟ್ಟಿಯಾಗಿಯೇ.

"ಪರ್ವ ಮುಗಿದ ಮೇಲೆ ನಾವು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಪದ್ಧತಿ ಉಂಟು. ಸುಳ್ಳು ಹೇಳಿದ್ದಕ್ಕೆ ಎಲ್ಲರ ಕ್ಷಮೆ ಕೇಳ್ತೇನೆ" ಎಂದು ಅಕ್ಕ ಕೈ ಮುಗಿದರು. ಮೈಕ್ ಕೈಗಳ ನಡುವೆ ಸಿಕ್ಕಿ ಕೀಂಯ್ ಎಂದಿತು. "ಆದ್ರೆ ಇಂಜೆಕ್ಷನ್ ತಗೊಂಡದ್ದಕ್ಕೆ ಕೇಳುವುದಿಲ್ಲ. ದಪ್ಪ ಇದ್ದದ್ದಕ್ಕೂ ಕೇಳುವುದಿಲ್ಲ. ದಪ್ಪ ಇದ್ದದ್ದು ನನ್ನ ಕರ್ಮ ಅಲ್ಲ, ನನ್ನ ಮೈ. ಆ ಮೈಯಲ್ಲೇ ಮೂವತ್ತು ವರ್ಷ ಈ ಭವನದ ಒಲೆಯ ಮುಂದೆ ನಿಂತು ನಿಮಗೆಲ್ಲ ಪಾರಣೆಗೆ ಬೇಯಿಸಿದ್ದೇನೆ. ಒಬ್ಬರ ಹೊಟ್ಟೆಯಾದ್ರೂ ಕೆಟ್ಟಿತಾ? ಹೇಳಿ. ಆಗ ಯಾರಿಗೂ ನನ್ನ ಹೆಸರು ಮೈಕಿನಲ್ಲಿ ಹೇಳ್ಬೇಕು ಅಂತ ಕಾಣ್ಲಿಲ್ಲ. ಹಸಿವೇ ಇಲ್ಲದೆ ಹತ್ತು ದಿನ ಸುಮ್ಮನೆ ಕೂತೆ, ಶಾಲು ಬಂತು!"

ಅವರ ಸ್ವರ ಒಡೆಯಿತು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಅಳಲಿಲ್ಲ.

"ಈ ಹತ್ತು ಮಂದಿ ಹಸಿದು ಕೂತವರು. ಶಾಲು ಅವರದ್ದು. ಮುಂದಿನ ವರ್ಷ ಡಾಕ್ಟ್ರು ಇಂಜೆಕ್ಷನ್ ನಿಲ್ಲಿಸಿ, ಹಸಿವು ವಾಪಸ್ ಬಂದ್ರೆ, ಅವರು ಸರಿ ಅಂದ್ರೆ, ನಾನು ಒಂದು ದಿನ ಉಪವಾಸ ಮಾಡ್ತೇನೆ. ಒಂದೇ ದಿನ. ಅದು ನನ್ನದಾಗಿರ್ತದೆ. ಯಾರೂ ನೋಡ್ಲಿಕ್ಕೆ ಬರ್ಬೇಡಿ."

ಶಾಲನ್ನು ಮೇಜಿನ ಮೇಲೆ ಇಟ್ಟು ಸೀದಾ ಅಡುಗೆ ಕೋಣೆಗೆ ನಡೆದರು. ನಾನು ಹಿಂದೆ ಓಡಿದೆ. ಎಳೆಯ ಹೆಂಗಸರು ಗೋಡೆಗೆ ಒತ್ತಿ ನಿಂತಿದ್ದರು. ಅಕ್ಕ ಪಾತ್ರೆಯಲ್ಲಿ ಸೌಟು ಮುಳುಗಿಸಿ ಎತ್ತಿದರು. ಗಂಜಿ ಸೌಟಿನಿಂದ ಇಳಿಯದೆ ಮುದ್ದೆಯಾಗಿ ಕೂತಿತ್ತು.

"ಇದನ್ನು ಹತ್ತು ದಿನ ಖಾಲಿ ಇದ್ದ ಹೊಟ್ಟೆಗೆ ಹಾಕ್ತೀರಾ? ಬಿಸಿನೀರು ತನ್ನಿ."

ಎರಡು ತಂಬಿಗೆ ಬಿಸಿನೀರು ಸುರಿದು, ಕದಡಿ, ಬಟ್ಟೆಯಲ್ಲಿ ಶೋಧಿಸಿ, ಉಪ್ಪು ನೋಡಿದರು. ಪಾತ್ರೆಯನ್ನು ನಾವಿಬ್ಬರೂ ಹಿಡಿದು ಹೊರಗೆ ತಂದೆವು. ಭವನದಲ್ಲಿ ಯಾರೂ ಎದ್ದಿರಲಿಲ್ಲ. ಉಪವಾಸಿಗಳು ಬಾಯಿ ತೆರೆಯದೆ ಬೇರೆಯವರು ಊಟಕ್ಕೆ ಕೂರುವಂತಿಲ್ಲ, ಉಪವಾಸಿಗಳು ಮರುದೇವಿಯಮ್ಮನ ಮುಖ ನೋಡುತ್ತಿದ್ದರು. ಆ ಮುಖ ಕಲ್ಲಾಗಿತ್ತು. ಅಕ್ಕ ಒಂದು ಎಲೆ ಹಾಸಿದರು, ಒಂದು ಬಟ್ಟಲಿಗೆ ಅರ್ಧ ಸೌಟು ಗಂಜಿ ಹಾಕಿಕೊಂಡು, ನೂರೈವತ್ತು ಜನರ ಕಣ್ಣೆದುರು, ಒಬ್ಬರೇ ಕೂತು ಮೊದಲ ಚಮಚ ಬಾಯಿಗಿಟ್ಟರು. ನಾನು ಅವರ ಪಕ್ಕದಲ್ಲಿ ನಿಂತುಕೊಂಡೆ. ಯಾರಾದರೂ ಒಂದು ಮಾತು ಅಂದರೆ ತಿರುಗಿ ಹತ್ತು ಅನ್ನುವುದೆಂದು ನಿಶ್ಚಯಿಸಿಯೇ ನಿಂತಿದ್ದೆ.

ಮರುದೇವಿಯಮ್ಮ ಕುರ್ಚಿಯ ಕೈ ಹಿಡಿದು ಎದ್ದರು. ಹತ್ತು ದಿನದ ಕಾಲು, ಸ್ವಲ್ಪ ತೂರಾಡಿದರು. ಯಾರೋ ಹಿಡಿಯಲು ಬಂದದ್ದನ್ನು ಕೊಡವಿ, ನಡೆದು ಬಂದು ಅನಂತಮತಿಯಕ್ಕನ ಎಲೆಯ ಪಕ್ಕದಲ್ಲಿ ನೆಲಕ್ಕೆ ಕೂತರು.

"ನೀನು ಮಾಡಿದ್ದು ತಪ್ಪು" ಎಂದರು.

"ಒಪ್ಪಿದ್ದೇನೆ ಅತ್ತಿಗೆ. ಇಂಜೆಕ್ಷನ್ ಮಾತ್ರ ಬಿಡುವುದಿಲ್ಲ."

"ಬಿಡು ಅಂತ ಯಾರು ಹೇಳಿದ್ದು?" ಎಂದರು ಮರುದೇವಿಯಮ್ಮ. ಅವರು ಗಂಜಿಯ ಪಾತ್ರೆಯನ್ನೇ ನೋಡುತ್ತಿದ್ದರು, ಮಕ್ಕಳು ನೋಡುವ ಹಾಗೆ. "ನಲವತ್ತು ವರ್ಷದಲ್ಲಿ ಒಬ್ಬರೂ ನನ್ನ ಹತ್ರ ಹಸಿವಾಗ್ತದಾ ಅಂತ ಕೇಳ್ಲಿಲ್ಲ. ಆಗ್ತದೆ ಮಾರಾಯ್ತಿ. ಪ್ರತಿ ದಿನ, ಪ್ರತಿ ಗಂಟೆ ಆಗ್ತದೆ. ಬಡಿಸು."

ಅನಂತಮತಿಯಕ್ಕ ತನ್ನ ಬಟ್ಟಲು ಪಕ್ಕಕ್ಕಿಟ್ಟು ಎದ್ದರು, ಸೌಟು ಹಿಡಿದರು, ತೆಳ್ಳಗಿನ ತಿಳಿಯನ್ನೇ ಮೇಲಿನಿಂದ ಎತ್ತಿ ಬಡಿಸಿದರು.